ಕೋಲು ಕೊಡುವ ಮೊದಲು

ರಾಯಚೂರು ನಗರ, ದೇವದುರ್ಗ, ಮಾನ್ವಿ ಕಡೆಯ ಶಾಲೆಗಳಿಗೆ ಹೊಸದಾಗಿ ಬಂದ ಶಿಕ್ಷಕರಿಗೆ ಕುಣಿತ ಅಂದರೆ ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವ, ನೆನಪಾಗುತ್ತದೆ. ಚಲೋ ಕುಣಿಯುವ ಹತ್ತು ಮಕ್ಕಳನ್ನು ಆರಿಸಿ, ಸಿನಿಮಾ ಹಾಡು ಹಾಕಿ ತಯಾರಿ ಮಾಡಿಸುತ್ತೇವೆ; ಉಳಿದವರಿಗೆ ಚಪ್ಪಾಳೆ ಹೊಡೆಯುವ ಕೆಲಸ. ನನ್ನ ತಕರಾರು ಇಲ್ಲೇ ಇದೆ. ಹೆಜ್ಜೆ ತಪ್ಪುವ ಮಗುವಿಗೇ ಕುಣಿತ ಹೆಚ್ಚು ಬೇಕು, ಅದನ್ನೇ ಮೊದಲು ಸಾಲಿನಿಂದ ಆಚೆ ನಿಲ್ಲಿಸುತ್ತೇವೆ.

ಓಡುವುದು, ಜಿಗಿಯುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಕುಂಟುವುದು, ಚೆಂಡು ಹಿಡಿಯುವುದು ಇವೆಲ್ಲ ಚಲನ ಕೌಶಲಗಳು. ವಯಸ್ಸಾದರೆ ತಾವಾಗಿ ಬರುತ್ತವೆ ಅಂದುಕೊಳ್ಳಬೇಡಿ. ರೂಢಿ ಬೇಕು, ತೋರಿಸಿಕೊಡುವವರೂ ಬೇಕು. ಒಂದು ಹೆಜ್ಜೆ ಇಟ್ಟು, ಅದೇ ಕಾಲಲ್ಲಿ ಕುಪ್ಪಳಿಸಿ, ಆಮೇಲೆ ಇನ್ನೊಂದು ಕಾಲಿಗೆ ಬದಲಾಯಿಸುವ ನಡಿಗೆ ಸಾಮಾನ್ಯವಾಗಿ ಐದಾರು ವರ್ಷಕ್ಕೆ ಕೂಡುತ್ತದೆ. ಒಂದನೇ ತರಗತಿಯಲ್ಲಿ ಕೆಲವರಿಗೆ ಬಲಗಾಲಲ್ಲಿ ಬರುತ್ತದೆ, ಎಡಗಾಲಿಗೆ ಬಂದಾಗ ನಿಂತುಬಿಡುತ್ತಾರೆ. ಗಾಬರಿ ಬೇಡ.

ಕೋಲಾಟವನ್ನೇ ನೋಡಿ. ಜೋಡಿ ಎದುರುಬದುರು ನಿಂತಿದೆ. ಮೊದಲ ಎಣಿಕೆಗೆ ತನ್ನ ಎರಡು ಕೋಲು ತಾನೇ ತಾಗಿಸಬೇಕು, ಎರಡಕ್ಕೆ ಬಲಗೋಲು ಎದುರಿನವಳ ಬಲಗೋಲಿಗೆ, ಮೂರಕ್ಕೆ ಮತ್ತೆ ತನ್ನವು, ನಾಲ್ಕಕ್ಕೆ ಎಡ ಎಡಕ್ಕೆ. ಬಲಗೈ ಮೈಯ ನಡುಗೆರೆ ದಾಟಿ ಎಡಕ್ಕೆ ಹೋಗಬೇಕು, ಕಣ್ಣು ಕೋಲಿನ ತುದಿಯಲ್ಲಿರಬೇಕು, ಕಿವಿ ತಾಳದಲ್ಲಿ. ಇದರ ಮೇಲೆ ಕಾಲನ್ನೂ ಎತ್ತು ಅಂದರೆ ಸಣ್ಣ ಮಗು ಒಂದನ್ನು ಬಿಟ್ಟೇ ಬಿಡುತ್ತದೆ: ಕೈ ನಡೆದರೆ ಕಾಲು ನಿಲ್ಲುತ್ತದೆ. ಅದಕ್ಕೇ ಮೊದಲು ಬರೀ ಕಾಲು, ಆಮೇಲೆ ನಿಂತಲ್ಲೇ ಬರೀ ಅಂಗೈ, ಕೋಲು ಕೊನೆಗೆ. ಹಿಂದೆ ಬಿದ್ದವರ ಮಣಿಕಟ್ಟು ಹಿಡಿದು ಆಡಿಸಬೇಡಿ, ತಾಳ ಹಾಕುವ ಹಲಗಿಯ ಪೆಟ್ಟು ನಿಧಾನ ಮಾಡಿ.

ಮೊಹರಂನಲ್ಲಿ ಅಲಾಯಿ ಕುಣಿ (ಬೆಂಕಿಯ ಗುಂಡಿ) ಸುತ್ತ ಹೆಜ್ಜೆ ಹಾಕುವುದನ್ನು ಇಲ್ಲಿನ ಮಕ್ಕಳು ಕಂಡೇ ಬೆಳೆದಿರುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಊರೂರಿಗೆ ಗೊತ್ತು. ಪಾಠದಲ್ಲಿ ಬಾಯಿ ಬಿಡದ ಹುಡುಗ ಆ ಹೆಜ್ಜೆಯಲ್ಲಿ ನಿಮಗೇ ಗುರುವಾಗಬಹುದು. ಅದು ಭಕ್ತಿಯ ಕುಣಿತ, ಆದ್ದರಿಂದ ಊರ ಹಿರಿಯರನ್ನು ಕೇಳಿಯೇ ಅಂಗಳಕ್ಕೆ ತನ್ನಿ.

ಕುಣಿತಕ್ಕೆ ಬೇರೆ ಪೀರಿಯಡ್ ಹುಡುಕಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಕಲಿಕಾ ಪದ್ಧತಿಯಲ್ಲಿ ಹಾಡು, ಚಟುವಟಿಕೆಗೆ ಜಾಗ ಇದ್ದೇ ಇದೆ. ಪ್ರಾರ್ಥನೆ ಮುಗಿದ ಮೇಲೆ, ಬಿಸಿಲು ಏರುವ ಮೊದಲು ಹತ್ತು ನಿಮಿಷ ಸಾಕು. ಅಂಗಳದಲ್ಲಿ ಜಾಲಿಮುಳ್ಳು ಆರಿಸಿ, ಅರ್ಧ ಮಕ್ಕಳು ಬರಿಗಾಲಲ್ಲಿರುತ್ತಾರೆ. ಅಪ್ಪ-ಅವ್ವನ ಜೊತೆ ಗುಳೆ ಹೋಗಿ ತಿಂಗಳುಗಟ್ಟಲೆ ಶಾಲೆ ಬಿಟ್ಟು ಬಂದ ಮಗು ಪಾಠದಲ್ಲಿ ಹಿಂದಿರುತ್ತದೆ, ಕುಣಿತದ ವೃತ್ತದಲ್ಲಿ ಅವತ್ತೇ ಸೇರಿಕೊಳ್ಳಬಹುದು.

ಕುಣಿದರೆ ಅಕ್ಷರ ದುಂಡಗಾಗುತ್ತದೆ ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ನೆಟ್ಟಗೆ ಕೂರುವ ಬಲ ಬರಬಹುದು. ಬೆರಳಿಗೆ ಬೇರೆ ಕೆಲಸ ಬೇಕು: ಮಣ್ಣು ನಾದುವುದು, ಜೋಳದ ಕಾಳು ಆರಿಸುವುದು, ದಾರಕ್ಕೆ ಮಣಿ ಪೋಣಿಸುವುದು.

ಆಗಾಗ ಒಬ್ಬೊಬ್ಬರನ್ನೂ ಒಂಟಿ ಕಾಲಲ್ಲಿ ನಿಲ್ಲಿಸಿ ನೋಡಿ, ಹೆಸರಿನ ಮುಂದೆ ಬರೆದಿಡಿ, ಅಂಕ ಬೇಡ. ಎರಡನೇ ತರಗತಿ ಮುಗಿಯುತ್ತ ಬಂದರೂ ಯಾವ ಕಾಲಲ್ಲೂ ಕುಂಟಲಾಗದ, ನಡೆವಾಗ ಪದೇ ಪದೇ ಬೀಳುವ ಮಗುವಿದ್ದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬಂದಾಗ ಆ ಪುಟವನ್ನೇ ಡಾಕ್ಟರ ಮುಂದಿಡಿ.