ಫಿಕರ್‌ಗೆ ಒಂದು ಹೊತ್ತು

ಬೀದರಿನಲ್ಲಿ ಕನ್ನಡ ಮಾತಾಡುವಾಗಲೂ ನಾವು ‘ಚಿಂತೆ’ ಎನ್ನುವುದಕ್ಕಿಂತ ‘ಫಿಕರ್ ಮಾಡಬ್ಯಾಡ್ರಿ’ ಎನ್ನುವುದೇ ಹೆಚ್ಚು. ಅರಬ್ಬಿಯಲ್ಲಿ ‘ಫಿಕ್ರ್’ ಎಂದರೆ ಆಲೋಚನೆ. ಉರ್ದುವಿಗೆ ಬಂದು, ಅಲ್ಲಿಂದ ನಮ್ಮ ಬಾಯಿಗೆ ಬರುವಷ್ಟರಲ್ಲಿ ಅದಕ್ಕೆ ಕಳವಳದ ಅರ್ಥವೂ ಅಂಟಿಕೊಂಡಿತು. ಅರ್ಥ ಹೀಗೆ ಬದಲಾದದ್ದು ನನಗೆ ಸರಿಯೆನಿಸುತ್ತದೆ. ಆಲೋಚನೆ ಮುಂದೆ ಸಾಗದೆ ಒಂದೇ ಕಡೆ ಗಿರಕಿ ಹೊಡೆದರೆ ಅದೇ ತಾನೇ ಚಿಂತೆ?

ನಾನು ಜೀವಶಾಸ್ತ್ರ ಕಲಿಸುವವಳು. ಈ ವರ್ಷ ದ್ವಿತೀಯ ಪಿಯುಸಿ ತರಗತಿಯಲ್ಲಿ ಹೆಸರಿಲ್ಲದ ಚೀಟಿ ಕೊಟ್ಟು, ಅವರವರ ಚಿಂತೆ ಬರೆಯಲು ಹೇಳಿದೆ. ನೀಟ್ ಬಗ್ಗೆ ಬಹಳ ಇದ್ದವು, ನಿರೀಕ್ಷಿಸಿದ್ದೇ. ಆದರೆ ಔರಾದ್‌ನಿಂದ ಓಡಾಡುವವರೊಬ್ಬರು, ಸಂಜೆ ಬಸ್ಸು ತಪ್ಪಿದರೆ ಏನು ಗತಿ ಎಂದು ಬರೆದಿದ್ದರು. ಭಾಲ್ಕಿ ಕಡೆಯವರೊಬ್ಬರು, ಮಳೆಗೆ ಸೋಯಾಬೀನ್ ಹೋಯಿತು, ಫೀಸಿನ ಮುಂದಿನ ಕಂತು ಅಪ್ಪ ಹೇಗೆ ಕಟ್ಟುತ್ತಾರೆ ಎಂದು. ಮತ್ತೊಂದರಲ್ಲಿ, ದುಬೈಯಲ್ಲಿರುವ ಅಣ್ಣ ಮೂರು ದಿನದಿಂದ ಫೋನ್ ಮಾಡಿಲ್ಲ ಎಂದಿತ್ತು. ಒಂದು ಚೀಟಿಯಲ್ಲಿ ಒಂದೇ ಸಾಲು: ‘ರಾತ್ರಿ ಎದೆ ಹೊಡೆದುಕೊಳ್ಳುತ್ತದೆ, ಹೃದಯದ ಕಾಯಿಲೆಯಾ ಮೇಡಂ?’

ಇದಕ್ಕೇ ಮೊದಲು ಉತ್ತರ. ಪ್ರಥಮ ಪಿಯುಸಿಯಲ್ಲಿ ಓದಿದ ಅಡ್ರಿನಲಿನ್ ನೆನಪಿದೆಯೇ? ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತ ಗ್ರಂಥಿಯ ರಸ ಅದು. ಎದುರಿಗೆ ನಾಯಿ ಬಂದಾಗ ಓಡಲು ಬೇಕಾದ ಸಿದ್ಧತೆಯನ್ನೇ ದೇಹ ನಾಳಿನ ಪ್ರಶ್ನೆಪತ್ರಿಕೆ ನೆನೆದರೂ ಮಾಡುತ್ತದೆ. ಎದೆ ಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆ ತೊಳಸುತ್ತದೆ. ಹಾಸಿಗೆಯಲ್ಲಿ ಓಡಲು ಜಾಗವಿಲ್ಲ, ಅಷ್ಟೇ. ಉಸಿರು ಒಳಗೆಳೆದುದಕ್ಕಿಂತ ನಿಧಾನವಾಗಿ, ಹೆಚ್ಚು ಹೊತ್ತು ಹೊರಬಿಡಿ. ಹೊರಬಿಡುವಾಗ ವೇಗಸ್ ನರ ಬಡಿತವನ್ನು ತಗ್ಗಿಸುತ್ತದೆ. ರಾತ್ರಿ ಓದಲು ಕುಡಿಯುವ ಕಡಕ್ ಚಹಾವನ್ನೂ ಬಿಡಿ. ಅದರ ಕೆಫೀನಿನಲ್ಲಿ ಸುಮಾರು ಅರ್ಧ ಭಾಗ 5 ಗಂಟೆಯ ಮೇಲೂ ರಕ್ತದಲ್ಲೇ ಇರುತ್ತದೆ. ಹೀಗೆ ಮಾಡಿದರೂ ಬಡಿತ ಪದೇ ಪದೇ ಏರಿದರೆ ವೈದ್ಯರಿಗೆ ತೋರಿಸಿ. ಚಿಂತೆಗೂ ಚಿತೆಗೂ ಒಂದು ಸೊನ್ನೆಯ ಅಂತರ ಎಂದು ಹಿರಿಯರು ಹೇಳುವ ಮಾತು ನನಗೆ ಹಿಡಿಸುವುದಿಲ್ಲ. ಮೊದಲೇ ಹೆದರಿದ ಮಗುವನ್ನು ಅದು ಇನ್ನಷ್ಟು ಹೆದರಿಸುತ್ತದೆ.

ಉಳಿದ ಚೀಟಿಗಳನ್ನು ಎರಡು ಗುಂಪು ಮಾಡಿದೆ: ಇಂದೇ ಮಾಡಬಹುದಾದ ಕೆಲಸವೊಂದು ಇರುವವು, ಇಲ್ಲದವು. ಬಸ್ಸಿನ ಚಿಂತೆಗೆ ಕೆಲಸವಿದೆ. ಬಸ್ಸು ತಪ್ಪಿದ ದಿನ ಊರಲ್ಲಿ ಯಾರ ಮನೆಯಲ್ಲಿ ಉಳಿಯಬಹುದೆಂದು ಮನೆಯವರೊಡನೆ ಈಗಲೇ ಮಾತಾಡಿಟ್ಟುಕೊಳ್ಳಿ. ಫೀಸಿಗೂ ಇದೆ: ಕೊನೆಯ ದಿನಾಂಕಕ್ಕೆ ಮೊದಲೇ ಆಫೀಸಿಗೆ ಹೋಗಿ ಸಮಯ ಕೇಳುವುದು. ನಾಚಿಕೆಯಾದರೆ ನನ್ನನ್ನು ಕರೆಯಿರಿ, ಜೊತೆಗೆ ಬರುತ್ತೇನೆ. ಫೇಲಾದರೆ ವರ್ಷವೇ ಹೋಯಿತು ಎನ್ನುವವರಿಗೆ: 2024ರಿಂದ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ.

ಅಣ್ಣನ ಫೋನು ಕಷ್ಟದ್ದು. ಸಂದೇಶ ಕಳಿಸಿಯಾದ ಮೇಲೆ ಕಾಯುವುದಷ್ಟೇ ಬಾಕಿ. ಇಂಥದ್ದಕ್ಕೆ ಅಮೆರಿಕದ ಮನೋವಿಜ್ಞಾನಿ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಒಂದು ಉಪಾಯ ಪ್ರಕಟಿಸಿದರು. ಚಿಂತಿಸಬೇಡ ಎಂದು ಅವರು ಹೇಳಲಿಲ್ಲ, ದಿನಾ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಅರ್ಧ ಗಂಟೆ ಚಿಂತಿಸು ಎಂದರು. ನಡುವೆ ಬಂದದ್ದನ್ನು ಆ ಹೊತ್ತಿಗೆ ಮುಂದೂಡಬೇಕು. ಕೇಳಲು ತಮಾಷೆ. ಆದರೆ ಮನಸ್ಸು ‘ಬಿಡು’ ಎಂದರೆ ಬಿಡುವುದಿಲ್ಲ, ‘ಆಮೇಲೆ’ ಎಂದರೆ ಎಷ್ಟೋ ಸಲ ಒಪ್ಪುತ್ತದೆ. ನಾನು ಅಸರ್ ನಮಾಜಿನ ನಂತರದ ಹೊತ್ತು ಇಟ್ಟುಕೊಂಡಿದ್ದೇನೆ. ಬಂದದ್ದನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗೀಚಿಡುತ್ತೇನೆ. ಸಂಜೆ ಓದಿದರೆ ಅರ್ಧಕ್ಕರ್ಧ ಸಪ್ಪೆಯಾಗಿರುತ್ತವೆ. ಮಲಗುವ ಹೊತ್ತನ್ನು ಮಾತ್ರ ಇದಕ್ಕೆ ಆರಿಸಬೇಡಿ.

ಇನ್ನೊಬ್ಬರ ಮಾತೂ ಉಂಟು. ಬಲ್ಖ್ ಪ್ರಾಂತ್ಯದ ಅಬೂ ಜೈದ್ ಅಲ್-ಬಲ್ಖಿ (850–934) ದೇಹ ಮತ್ತು ಮನಸ್ಸಿನ ಆರೋಗ್ಯದ ಮೇಲೆ ಬರೆದ ಗ್ರಂಥದಲ್ಲಿ ಕೋಪ, ದುಃಖ, ಭಯಗಳನ್ನು ಬೇರೆಬೇರೆಯಾಗಿ ಚರ್ಚಿಸಿದ್ದಾರೆ. ಹಠಾತ್ ಕಾಯಿಲೆಗೆ ಮನೆಯಲ್ಲಿ ಔಷಧಿ ಇಡುವಂತೆ, ಮನಸ್ಸು ನೆಮ್ಮದಿಯಲ್ಲಿದ್ದಾಗಲೇ ಧೈರ್ಯದ ಆಲೋಚನೆಗಳನ್ನು ಕೂಡಿಟ್ಟುಕೊಳ್ಳಿ ಎಂಬುದು ಅವರ ಸಲಹೆ. ಪರೀಕ್ಷೆಯ ಹಿಂದಿನ ರಾತ್ರಿ ಧೈರ್ಯ ಹುಡುಕಿದರೆ ಸಿಗದು. ಹಿಂದೆ ದಾಟಿ ಬಂದ ಕಷ್ಟಗಳ ಪಟ್ಟಿ ಈಗಲೇ ಬರೆದಿಡಿ.

ವಾರಗಟ್ಟಲೆ ನಿದ್ದೆ, ಊಟ ಬಿಟ್ಟುಹೋದರೆ, ಬದುಕೇ ಬೇಡವೆನಿಸಿದರೆ ನೋಟ್‌ಬುಕ್ ಸಾಲದು. ಬ್ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ಗೆ 14416ರಲ್ಲಿ ಹಗಲೂ ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಚೀಟಿ ಹಾಕುವ ಡಬ್ಬಿ ಜೀವಶಾಸ್ತ್ರ ಪ್ರಯೋಗಾಲಯದ ಕಿಟಕಿಯಲ್ಲಿ ಇನ್ನೂ ಇದೆ.