ಕೈ ಉಪಕರಣಗಳಿಂದಾಗುವ ಗಾಯಗಳು: ಕಾರಣ, ತಡೆ ಮತ್ತು ಪರಿಹಾರ
(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)

1. ಪಾಠದ ಉದ್ದೇಶ

ಗ್ರಾಮ ಪಂಚಾಯಿತಿಗಳ ಎಲ್ಲೆಯೊಳಗೆ ಇಂದು ಹೊಲ ಗದ್ದೆಗಳಷ್ಟೇ ಇಲ್ಲ. ಕಲ್ಲುಗಣಿ, ಜಲ್ಲಿ ಕ್ರಷರ್, ಕಲ್ಲು ಪಾಲಿಶ್ ಘಟಕ, ಇಟ್ಟಿಗೆ ಗೂಡು, ಗೇಟು ಮತ್ತು ಗ್ರಿಲ್ ತಯಾರಿಸುವ ವೆಲ್ಡಿಂಗ್ ಶೆಡ್, ಟ್ರ್ಯಾಕ್ಟರ್ ದುರಸ್ತಿಯ ಗ್ಯಾರೇಜು ಇವೆಲ್ಲ ಊರಿನ ಅಂಚಿನಲ್ಲಿಯೇ ನಡೆಯುತ್ತಿವೆ. ಇಳಕಲ್ಲಿನ ಕೆಂಪು ಗ್ರಾನೈಟ್, ಶಹಾಬಾದಿನ ಹಾಸುಗಲ್ಲು ದೇಶದ ನಾನಾ ಕಡೆ ಮನೆಗಳ ನೆಲವಾಗಿವೆ. ಅಂತಹ ಕಲ್ಲನ್ನು ಎಬ್ಬಿಸಿ, ಸೀಳಿ, ಅಂಚು ತಿದ್ದುವ ಕೆಲಸದ ಒಂದು ಭಾಗ ಈಗಲೂ ಕೈಯಿಂದಲೇ ಆಗುತ್ತಿದೆ.

ಬಾಯ್ಲರ್ ಸಿಡಿದರೆ, ಗಣಿಯ ಗೋಡೆ ಕುಸಿದರೆ ಅದು ಸುದ್ದಿಯಾಗುತ್ತದೆ. ಸುತ್ತಿಗೆಯ ಏಟಿಗೆ ಬೆರಳು ಜಜ್ಜಿಹೋದರೆ, ಉಳಿಯ ಚೂರು ಕಣ್ಣಿಗೆ ಹಾರಿದರೆ ಅದು "ಸಣ್ಣ ಗಾಯ" ಎಂದು ಮರೆಯಾಗುತ್ತದೆ. ಆದರೆ ಕೂಲಿಯನ್ನೇ ನಂಬಿದ ಕುಟುಂಬಕ್ಕೆ ಹೆಬ್ಬೆರಳೊಂದು ಹೋಗುವುದೆಂದರೆ ಉಪಕರಣ ಹಿಡಿಯುವ ಶಕ್ತಿಯೇ ಹೋದಂತೆ. ಇಂತಹ ಗಾಯಗಳು ಏಕೆ ಆಗುತ್ತವೆ, ಹೇಗೆ ತಡೆಯಬಹುದು, ಆದಾಗ ಗಾಯಾಳುವಿಗೆ ಏನು ಸಲ್ಲಬೇಕು ಎಂಬುದನ್ನು ಸದಸ್ಯರ ಗಮನಕ್ಕೆ ತರುವುದು ಈ ಪಾಠದ ಉದ್ದೇಶ.

2. ಗಾಯಗಳ ಸ್ವರೂಪ

ಕೈ ಉಪಕರಣಗಳ ಗಾಯಗಳನ್ನು ನಾಲ್ಕು ಬಗೆಯಾಗಿ ತಿಳಿಯಬಹುದು.

ಒಂದು, ಏಟಿನ ಗಾಯ. ಸುತ್ತಿಗೆ, ಸಮ್ಮಟಿಗೆ, ಹಾರೆಗಳಿಂದ ಬೆರಳು ಜಜ್ಜುವುದು, ಮೂಳೆ ಮುರಿಯುವುದು.

ಎರಡು, ಕೊಯ್ತ ಮತ್ತು ಚುಚ್ಚು ಗಾಯ. ಗರಗಸ, ಚಾಕು, ಸ್ಕ್ರೂಡ್ರೈವರ್, ಹಿಡಿಯಿಲ್ಲದ ಅರ ಇವುಗಳಿಂದ ಆಗುವಂಥವು. ಹೊರಗೆ ಗೆರೆಯಷ್ಟೇ ಕಂಡರೂ ಒಳಗೆ ಸ್ನಾಯುರಜ್ಜು ಅಥವಾ ನರ ತುಂಡಾಗಿ ಬೆರಳು ಶಾಶ್ವತವಾಗಿ ಮಡಚದೆ ಹೋಗಬಹುದು.

ಮೂರು, ಕಣ್ಣಿನ ಗಾಯ. ಕಲ್ಲು ಅಥವಾ ಉಕ್ಕಿನ ಚೂರು ಕಣ್ಣುಗುಡ್ಡೆಯನ್ನು ಹೊಕ್ಕರೆ ಮೊದಲ ದಿನ ನೋವು ಕಡಿಮೆಯೇ ಇರಬಹುದು. ಕಬ್ಬಿಣದ ಚೂರು ಒಳಗೇ ಉಳಿದರೆ ತುಕ್ಕಿನ ಅಂಶ ಕ್ರಮೇಣ ದೃಷ್ಟಿಪಟಲವನ್ನು ಕೆಡಿಸುತ್ತದೆ.

ನಾಲ್ಕು, ನಿಧಾನವಾಗಿ ಬರುವ ತೊಂದರೆ. ಬ್ರೇಕರ್, ಕಲ್ಲು ಕೊರೆಯುವ ಡ್ರಿಲ್, ಗ್ರೈಂಡರ್ ಮುಂತಾದ ಅದುರುವ ಉಪಕರಣಗಳನ್ನು ವರ್ಷಗಟ್ಟಲೆ ಹಿಡಿದವರಲ್ಲಿ ಬೆರಳ ತುದಿಗಳು ಚಳಿಯಲ್ಲಿ ಬಿಳಿಚಿಕೊಂಡು ಜೋಮು ಹಿಡಿಯುತ್ತವೆ, ಹಿಡಿತ ಸಡಿಲವಾಗುತ್ತದೆ. ಇದನ್ನು ವಯಸ್ಸಿನ ದೋಷವೆಂದು ತಳ್ಳಿಹಾಕಬಾರದು.

3. ಉಪಕರಣ ಕೈಕೊಡುವುದು ಏಕೆ?

"ಹುಷಾರಿಲ್ಲದೆ ಕೆಲಸ ಮಾಡಿದ, ಪೆಟ್ಟಾಯಿತು" ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಕೆಲವೊಮ್ಮೆ ನಿಜವಿರಬಹುದು. ಆದರೆ ಅನೇಕ ಗಾಯಗಳ ಹಿಂದೆ ಮೊದಲೇ ಕಣ್ಣಿಗೆ ಕಾಣುತ್ತಿದ್ದ ದೋಷವೊಂದು ಇರುತ್ತದೆ.

ತಲೆ ಅರಳಿದ ಉಳಿ: ಉಳಿ ಅಥವಾ ಚಾಣದ ಮೊನೆಯನ್ನು ಗಡಸಾಗಿಯೂ ಏಟು ಬೀಳುವ ತಲೆಯನ್ನು ಅದಕ್ಕಿಂತ ಮೃದುವಾಗಿಯೂ ಹದ ಮಾಡಿರುತ್ತಾರೆ. ದಿನವೂ ಏಟು ಬೀಳುತ್ತ ತಲೆಯು ಅಣಬೆಯಂತೆ ಸುತ್ತಲೂ ಅರಳುತ್ತದೆ. ಅರಳಿದ ಅಂಚು ಏಟಿನಿಂದಲೇ ಗಡಸಾಗಿ ಬಿರುಕು ಬಿಡುತ್ತದೆ. ಮುಂದಿನ ಯಾವುದೋ ಒಂದು ಏಟಿಗೆ ಆ ಅಂಚಿನ ಚೂರು ಗುಂಡಿನಂತೆ ಹಾರುತ್ತದೆ. ಅರಳಿದ ಭಾಗವನ್ನು ಆಗಾಗ ಸಾಣೆ ಹಿಡಿದು ತೆಗೆದರೆ ಈ ಅಪಾಯ ನೀಗುತ್ತದೆ. ಇದು ಕೆಲವೇ ನಿಮಿಷಗಳ ಕೆಲಸ.

ಸುತ್ತಿಗೆಯಿಂದ ಸುತ್ತಿಗೆಗೆ ಹೊಡೆಯುವುದು: ಎರಡು ಗಡಸು ಮುಖಗಳು ಡಿಕ್ಕಿಯಾದಾಗ ಉಕ್ಕು ಬಗ್ಗುವುದಿಲ್ಲ, ಸಿಡಿಯುತ್ತದೆ. ಅರದ ಮೇಲೆ ಸುತ್ತಿಗೆ ಹಾಕುವುದೂ, ಅದನ್ನು ಮೀಟುಗೋಲಾಗಿ ಬಳಸುವುದೂ ಇದೇ ಕಾರಣಕ್ಕೆ ಅಪಾಯಕರ.

ಸಡಿಲವಾದ ಕಾವು: ಸುತ್ತಿಗೆಯ ತಲೆ ಅಲ್ಲಾಡಿದಾಗ ಅದನ್ನು ನೀರಿನಲ್ಲಿ ನೆನೆಹಾಕುವ ಪದ್ಧತಿ ಉಂಟು. ಕಾವು ಉಬ್ಬಿ ಆ ದಿನಕ್ಕೆ ಬಿಗಿಯಾಗುವುದು ನಿಜ. ಆದರೆ ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ. ಸರಿಯಾದ ಬೆಣೆ ಹೊಡೆಯುವುದು, ಬಿರುಕು ಬಿಟ್ಟ ಕಾವನ್ನು ಬದಲಿಸುವುದು ಇವೇ ಪರಿಹಾರ. ತಂತಿ ಸುತ್ತಿ ಮುಂದುವರಿಸುವುದು ಪರಿಹಾರವಲ್ಲ.

ಅಳತೆ ಕೂಡದ ಸ್ಪ್ಯಾನರ್: ಬಾಯಿ ಸವೆದ ಅಥವಾ ದೊಡ್ಡ ಅಳತೆಯ ಸ್ಪ್ಯಾನರ್ ನಟ್ಟಿನ ಮೂಲೆಯಿಂದ ಜಾರಿದಾಗ, ಹಾಕಿದ ಬಲವೆಲ್ಲ ಬೆರಳಗೆಣ್ಣಿಗೆ ಬರುತ್ತದೆ. ಹಿಡಿಗೆ ಪೈಪು ತೂರಿಸಿ ಉದ್ದ ಮಾಡಿಕೊಂಡರೆ ಉಪಕರಣ ತಾಳುವ ಮಿತಿಯೇ ಮೀರುತ್ತದೆ. ಸ್ಪ್ಯಾನರನ್ನು ಸಾಧ್ಯವಾದಷ್ಟೂ ತಮ್ಮ ಕಡೆಗೆ ಎಳೆಯಬೇಕು, ದೂಡಬಾರದು.

ಕವಚ ತೆಗೆದ ಗ್ರೈಂಡರ್: ಕೈಯಲ್ಲಿ ಹಿಡಿಯುವ ನಾಲ್ಕು ಅಂಗುಲದ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ ಅದರ ಚಕ್ರದ ಅಂಚು ಗಂಟೆಗೆ 200 ಕಿ.ಮೀ.ಗೂ ಮಿಗಿಲಾದ ವೇಗದಲ್ಲಿ ಸಾಗುತ್ತದೆ. ಚಕ್ರ ಒಡೆದರೆ ಚೂರುಗಳು ಹಾರುವುದೂ ಅದೇ ವೇಗದಲ್ಲಿ. ದೊಡ್ಡ ಚಕ್ರ ಹಿಡಿಸಲೆಂದು ಕವಚ ಬಿಚ್ಚುವುದು, ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಅದಕ್ಕೆ ತೊಡಿಸುವುದು ಇವೆರಡೂ ಜೀವಕ್ಕೇ ಎರವಾಗಬಲ್ಲ ಅಭ್ಯಾಸಗಳು. ಚಕ್ರದ ಮೇಲೆ ನಮೂದಿಸಿರುವ ಗರಿಷ್ಠ ವೇಗವು ಯಂತ್ರದ ವೇಗಕ್ಕಿಂತ ಕಡಿಮೆ ಇರಕೂಡದು.

ಇವುಗಳ ಜೊತೆಗೆ ಕೂಲಿಯ ಪದ್ಧತಿಯನ್ನೂ ಗಮನಿಸಬೇಕು. ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಉಪಕರಣ ಸರಿಪಡಿಸುವ ಸಮಯವು ಸಂಬಳವಿಲ್ಲದ ಸಮಯ. ಉಪಕರಣವನ್ನೂ ಅವನೇ ಕೊಂಡು ತರಬೇಕೆಂದಾದರೆ ಸವೆದದ್ದನ್ನು ಬಿಸಾಡಲು ಮನಸ್ಸು ಬಾರದು. ಆದ್ದರಿಂದ ತಪ್ಪನ್ನು ಕೈಯ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ.

4. ತಡೆಯುವ ಕ್ರಮಗಳು

ಪ್ರತಿದಿನ ಕೆಲಸಕ್ಕೆ ಮುನ್ನ ಐದು ನಿಮಿಷ ಉಪಕರಣ ಪರಿಶೀಲನೆ ನಡೆಯಬೇಕು. ದೋಷವಿದ್ದುದಕ್ಕೆ ಕೆಂಪು ಬಣ್ಣ ಬಳಿದು ಪ್ರತ್ಯೇಕವಾಗಿರಿಸಬೇಕು. ದುರಸ್ತಿಯಾಗದ ಹೊರತು ಅದು ಮತ್ತೆ ಕೆಲಸಕ್ಕೆ ಬರಕೂಡದು. ಚೂಪಾದ ಉಪಕರಣಗಳನ್ನು ಜೇಬಿನಲ್ಲಿ ಅಥವಾ ಸೊಂಟದಲ್ಲಿ ಸಿಕ್ಕಿಸಿಕೊಳ್ಳದೆ ಚೀಲದಲ್ಲಿ ಒಯ್ಯಬೇಕು. ಎತ್ತರದಿಂದ ಎಸೆಯದೆ ಹಗ್ಗದಲ್ಲಿ ಇಳಿಸಬೇಕು.

ಕಲ್ಲು ಕೆತ್ತುವಾಗ, ಉಳಿ ಹೊಡೆಯುವಾಗ, ಗ್ರೈಂಡರ್ ಹಿಡಿದಾಗ ಬದಿಯನ್ನೂ ಮುಚ್ಚುವ ರಕ್ಷಣಾ ಕನ್ನಡಕ ಅಗತ್ಯ. ಸಾಮಾನ್ಯ ಕನ್ನಡಕ ಅಥವಾ ತಂಪು ಕನ್ನಡಕ ಇದಕ್ಕೆ ಬದಲಿಯಲ್ಲ. ಪಕ್ಕದಲ್ಲಿ ನಿಂತು ಉಳಿ ಹಿಡಿಯುವವನಿಗೂ ಕನ್ನಡಕ ಬೇಕು. ಅವನು ಇಕ್ಕಳದಲ್ಲಿ ಉಳಿ ಹಿಡಿದರೆ ಬೆರಳು ಏಟಿನಿಂದ ದೂರ ಉಳಿಯುತ್ತದೆ.

ಕೈಚೀಲದ ವಿಷಯದಲ್ಲಿ ಒಂದು ಎಚ್ಚರಿಕೆ. ಒರಟು ಕಲ್ಲು, ತಗಡುಗಳನ್ನು ಎತ್ತುವಾಗ ಅದು ರಕ್ಷಣೆ. ಆದರೆ ನಿಂತಲ್ಲೇ ತಿರುಗುವ ಡ್ರಿಲ್ ಯಂತ್ರ ಅಥವಾ ಸಾಣೆ ಚಕ್ರದ ಬಳಿ ಸಡಿಲವಾದ ಕೈಚೀಲ ಸಿಕ್ಕಿಕೊಂಡು ಇಡೀ ಕೈಯನ್ನೇ ಎಳೆದುಕೊಳ್ಳುತ್ತದೆ. ಅಲ್ಲಿ ಅದನ್ನು ತೊಡಬಾರದು. ಸೀರೆಯ ಸೆರಗು, ಟವೆಲ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ.

5. ಗಾಯವಾದ ಕೂಡಲೇ

ರಕ್ತ ಸೋರುವ ಗಾಯವನ್ನು ಶುದ್ಧ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿದು ಕೈಯನ್ನು ಎದೆಮಟ್ಟಕ್ಕಿಂತ ಮೇಲಕ್ಕೆ ಎತ್ತಬೇಕು. ಕಾಫಿಪುಡಿ, ಸುಣ್ಣ, ಹೊಗೆಸೊಪ್ಪು, ಆಯಿಲ್ ಹಚ್ಚಬಾರದು. ಧನುರ್ವಾಯು ತಡೆಯುವ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು.

ಕಣ್ಣಿಗೆ ಚೂರು ಹೊಕ್ಕಿದ್ದರೆ ಉಜ್ಜಬಾರದು, ಕೀಳಬಾರದು, ಒತ್ತಿ ಕಟ್ಟಬಾರದು. ಕಾಗದದ ಲೋಟವೊಂದನ್ನು ಕಣ್ಣಿನ ಸುತ್ತ ಕವಚದಂತೆ ಇರಿಸಿ ನೇತ್ರ ವೈದ್ಯರಿರುವ ಆಸ್ಪತ್ರೆಗೆ ಕರೆದೊಯ್ಯಬೇಕು.

ಬೆರಳು ತುಂಡಾಗಿದ್ದರೆ ತುಂಡನ್ನು ಎಸೆಯಬಾರದು. ಅದನ್ನು ಒದ್ದೆಯಾದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲೆ ಇರಿಸಬೇಕು. ಬೆರಳು ನೇರವಾಗಿ ಮಂಜುಗಡ್ಡೆಗೆ ತಾಗಬಾರದು. 108ಕ್ಕೆ ಕರೆ ಮಾಡಿ, ಆದಷ್ಟು ಬೇಗ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ತಲುಪಿಸಬೇಕು. ಕಾರ್ಖಾನೆಗಳಲ್ಲಿ ಪ್ರತಿ 150 ಕಾರ್ಮಿಕರಿಗೆ ಒಂದರಂತೆ ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇರಬೇಕೆಂದು 1948ರ ಕಾರ್ಖಾನೆಗಳ ಅಧಿನಿಯಮವೇ ಹೇಳಿತ್ತು. ಹತ್ತು ಜನರ ಶೆಡ್ಡಿನಲ್ಲಿಯೂ ಅಂತಹ ಪೆಟ್ಟಿಗೆ ಇರುವುದು ಮಾಲೀಕರಿಗೆ ಹೊರೆಯಲ್ಲ.

6. ಪರಿಹಾರ: ದಯೆಯಲ್ಲ, ಹಕ್ಕು

ಕೆಲಸದ ನಡುವೆ ಆದ ಗಾಯಕ್ಕೆ ಪರಿಹಾರ ಕೊಡುವ ಹೊಣೆಯನ್ನು 1923ರ ನೌಕರರ ಪರಿಹಾರ ಅಧಿನಿಯಮವು ಮಾಲೀಕರ ಮೇಲೆ ಹೊರಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದೇ ತತ್ವವನ್ನು ಮುಂದುವರಿಸಿದೆ. ದಿನಗೂಲಿಯವರೆಂಬ ಕಾರಣಕ್ಕೆ ಈ ಹಕ್ಕು ತಪ್ಪುವುದಿಲ್ಲ. ಗುತ್ತಿಗೆದಾರನ ಮೂಲಕ ಬಂದವರಿಗೆ ಮೂಲ ಮಾಲೀಕರೂ ಹೊಣೆಗಾರರು. ಘಟಕವು ಇ.ಎಸ್.ಐ. ವ್ಯಾಪ್ತಿಯಲ್ಲಿದ್ದರೆ ಚಿಕಿತ್ಸೆಯೂ ನಗದು ಸೌಲಭ್ಯವೂ ಆ ಯೋಜನೆಯಿಂದಲೇ ಸಲ್ಲುತ್ತವೆ.

ಒಂದು ಲೆಕ್ಕವನ್ನು ನೋಡೋಣ. 30 ವರ್ಷ ವಯಸ್ಸಿನ, ತಿಂಗಳಿಗೆ 15,000 ರೂಪಾಯಿ ವೇತನದ, ಇ.ಎಸ್.ಐ. ಇಲ್ಲದ ಕಾರ್ಮಿಕನೊಬ್ಬ ಹೆಬ್ಬೆರಳನ್ನು ಕಳೆದುಕೊಂಡನೆಂದು ಭಾವಿಸಿರಿ. ವೇತನದ ಶೇ. 60 ಎಂದರೆ 9,000 ರೂ. ಮೂವತ್ತರ ವಯಸ್ಸಿಗೆ ಅನುಸೂಚಿಯಲ್ಲಿರುವ ಗುಣಕ 207.98. ಇವೆರಡನ್ನು ಗುಣಿಸಿದರೆ 18,71,820 ರೂ. ಹೆಬ್ಬೆರಳಿನ ನಷ್ಟವನ್ನು ಗಳಿಕೆ ಶಕ್ತಿಯ ಶೇ. 30ರಷ್ಟು ನಷ್ಟವೆಂದು ಅನುಸೂಚಿ ನಿಗದಿಪಡಿಸಿದೆ. ಆದ್ದರಿಂದ ಅವನಿಗೆ ಸಲ್ಲತಕ್ಕ ಮೊತ್ತ 5,61,546 ರೂ. ಚಿಕಿತ್ಸೆಯ ವೆಚ್ಚ ಇದಕ್ಕೆ ಪ್ರತ್ಯೇಕ.

ಈ ಲೆಕ್ಕವನ್ನು ಸದಸ್ಯರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದುದಕ್ಕೆ ಕಾರಣವಿದೆ. ಊರಿನಲ್ಲಿ ಅಪಘಾತವಾದಾಗ ಎರಡೂ ಕಡೆಯವರು ಮೊದಲು ಬರುವುದು ಸದಸ್ಯರ ಬಳಿಗೆ. ಮಾಲೀಕರು ಪರಿಚಿತರು, ಗಾಯಾಳು ಬಡವನು, ಕೆಲವೊಮ್ಮೆ ಬೇರೆ ರಾಜ್ಯದವನು. ಆಸ್ಪತ್ರೆಯ ಬಿಲ್ಲಿನ ಜೊತೆಗೆ ಹತ್ತು ಇಪ್ಪತ್ತು ಸಾವಿರ ಕೊಡಿಸಿ, ಛಾಪಾ ಕಾಗದದ ಮೇಲೆ "ಇನ್ನು ಯಾವ ತಕರಾರೂ ಇಲ್ಲ" ಎಂದು ಬರೆಸಿ, ರಾಜಿಯಾಯಿತೆಂದು ಎಲ್ಲರೂ ಚಹಾ ಕುಡಿದು ಎದ್ದುಹೋಗುವುದು ಸುಲಭ. ಸದುದ್ದೇಶದಿಂದಲೇ ಹಾಗೆ ಮಾಡಿದರೂ ಐದು ಲಕ್ಷಕ್ಕೂ ಹೆಚ್ಚು ಸಲ್ಲಬೇಕಾದವನು ಬರಿಗೈಯಲ್ಲಿ ಮನೆಗೆ ಹೋದಂತಾಯಿತು. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಅಥವಾ ಹೊಣೆಯನ್ನು ತಗ್ಗಿಸುವ ಒಪ್ಪಂದವು ಅಸಿಂಧುವೆಂದು 1923ರ ಅಧಿನಿಯಮದ 17ನೇ ಪ್ರಕರಣವೇ ಹೇಳಿತ್ತು. ಅಂತಹ ಕಾಗದಕ್ಕೆ ಸದಸ್ಯರು ಸಾಕ್ಷಿ ಸಹಿ ಹಾಕತಕ್ಕದ್ದಲ್ಲ.

ಗಾಯಾಳುವಿಗೆ ಮಾಡಬಹುದಾದ ನಿಜವಾದ ಸಹಾಯ ಬೇರೆ ಇದೆ. ಅಪಘಾತದ ದಿನ, ಸ್ಥಳ, ಉಪಕರಣ, ಕಂಡವರ ಹೆಸರುಗಳನ್ನು ಅಂದೇ ಬರೆಸಬೇಕು. ಆಸ್ಪತ್ರೆಯ ದಾಖಲೆಯಲ್ಲಿ "ಮನೆಯಲ್ಲಿ ಬಿದ್ದ ಗಾಯ" ಎಂದಾಗದೆ ಕೆಲಸದ ಸ್ಥಳದ ಗಾಯವೆಂದು ನಮೂದಾಗುವಂತೆ ನೋಡಿಕೊಳ್ಳಬೇಕು. ಮಾಲೀಕರಿಗೆ ಲಿಖಿತ ನೋಟಿಸು ಕೊಡಿಸಬೇಕು. ಎರಡು ವರ್ಷ ಕಳೆಯುವ ಮುನ್ನ ಸಕ್ಷಮ ಪ್ರಾಧಿಕಾರದ ಮುಂದೆ ಅರ್ಜಿ ಹಾಕಿಸಬೇಕು. ಕೈಗಾರಿಕಾ ಕಾರ್ಮಿಕರು ಉಚಿತ ಕಾನೂನು ನೆರವಿಗೆ ಅರ್ಹರಾದುದರಿಂದ ತಾಲ್ಲೂಕು ಕಾನೂನು ಸೇವಾ ಸಮಿತಿಯ ದಾರಿಯನ್ನು ತೋರಿಸಬೇಕು.

7. ಗ್ರಾಮ ಪಂಚಾಯಿತಿಯ ಪಾತ್ರ

ಗ್ರಾಮ ಪಂಚಾಯಿತಿಯು ಕಾರ್ಖಾನೆ ನಿರೀಕ್ಷಕನಲ್ಲ; ಘಟಕಗಳಿಗೆ ನುಗ್ಗಿ ದಂಡ ವಿಧಿಸುವುದು ಅದರ ಕೆಲಸವಲ್ಲ. ಆದರೂ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 66ನೇ ಪ್ರಕರಣದ ಮೇರೆಗೆ ಕಾರ್ಖಾನೆ ನಿರ್ಮಾಣ ಮತ್ತು ಯಂತ್ರ ಸ್ಥಾಪನೆಗೆ ಪಂಚಾಯಿತಿಯ ಅನುಮತಿ ಬೇಕು. ಆ ಸಂದರ್ಭವನ್ನು ಬಳಸಿಕೊಂಡು ಈ ಕೆಳಗಿನವುಗಳನ್ನು ಮಾಡಬಹುದು:

ಅ) ವ್ಯಾಪ್ತಿಯಲ್ಲಿರುವ ಘಟಕಗಳು, ಅಲ್ಲಿನ ಕಾರ್ಮಿಕರ ಅಂದಾಜು ಸಂಖ್ಯೆ, ಇ.ಎಸ್.ಐ. ಇದೆಯೇ ಇಲ್ಲವೇ ಎಂಬ ಪಟ್ಟಿಯನ್ನು ಸಿದ್ಧಪಡಿಸುವುದು.
ಆ) ವರ್ಷಕ್ಕೊಮ್ಮೆ ಮಾಲೀಕರು ಮತ್ತು ಕಾರ್ಮಿಕರ ಜಂಟಿ ಸಭೆ ಕರೆದು ಉಪಕರಣ ಪರಿಶೀಲನೆ, ಕನ್ನಡಕ, ಪ್ರಥಮ ಚಿಕಿತ್ಸಾ ಪೆಟ್ಟಿಗೆಗಳ ಬಗ್ಗೆ ತಿಳಿವಳಿಕೆ ನೀಡುವುದು.
ಇ) ಪ್ರಾಥಮಿಕ ಆರೋಗ್ಯ ಕೇಂದ್ರದ ಸಹಕಾರದಿಂದ ಕಣ್ಣು ಮತ್ತು ಕೈಗಳ ತಪಾಸಣಾ ಶಿಬಿರ ನಡೆಸುವುದು.
ಈ) ಗಂಭೀರ ಅಪಘಾತಗಳನ್ನು ಕಾರ್ಮಿಕ ಇಲಾಖೆಯ ಗಮನಕ್ಕೆ ಲಿಖಿತವಾಗಿ ತರುವುದು.
ಉ) ಪಂಚಾಯಿತಿಯ ಸ್ವಂತ ಕಾಮಗಾರಿಗಳಲ್ಲಿ ಬಳಸುವ ಗುದ್ದಲಿ, ಪಿಕಾಸಿ, ಹಾರೆಗಳ ಸ್ಥಿತಿಯನ್ನು ಮೊದಲು ಸರಿಪಡಿಸಿಕೊಳ್ಳುವುದು. ಹೇಳುವವರು ಮೊದಲು ಮಾಡಿ ತೋರಿಸಬೇಕಷ್ಟೆ.

8. ಸಭೆಯಲ್ಲಿ ಚರ್ಚೆಗೆ ಪ್ರಶ್ನೆಗಳು

1. ಕಳೆದ ಒಂದು ವರ್ಷದಲ್ಲಿ ನಿಮ್ಮ ವಾರ್ಡಿನಲ್ಲಿ ಕೆಲಸದ ಸ್ಥಳದಲ್ಲಿ ಗಾಯಗೊಂಡವರು ಯಾರು? ಅವರಲ್ಲಿ ಎಷ್ಟು ಮಂದಿಗೆ ಪರಿಹಾರ ದೊರೆತಿದೆ?
2. ತಲೆ ಅರಳಿದ ಉಳಿಯೊಂದನ್ನು ಸಭೆಗೆ ತರಿಸಿ ನೋಡಿರಿ. ಅದರ ಅಂಚಿನಲ್ಲಿ ಬಿರುಕುಗಳು ಕಾಣುತ್ತವೆಯೇ?
3. ಗಾಯಾಳು ಮತ್ತು ಮಾಲೀಕರು ರಾಜಿಗಾಗಿ ಬಂದರೆ ನೀವು ಕೇಳಬೇಕಾದ ಮೊದಲ ಮೂರು ಪ್ರಶ್ನೆಗಳು ಯಾವುವು?

ಮೂರನೆಯ ಪ್ರಶ್ನೆಗೆ ಉತ್ತರವನ್ನು ಸದಸ್ಯರು ಈಗಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು: ಗಾಯಾಳುವಿನ ವಯಸ್ಸೆಷ್ಟು, ತಿಂಗಳ ವೇತನವೆಷ್ಟು, ಶಾಶ್ವತವಾಗಿ ಕಳೆದುಕೊಂಡದ್ದೇನು. ಈ ಮೂರು ತಿಳಿದರೆ ಪರಿಹಾರದ ಲೆಕ್ಕಕ್ಕೆ ಆಧಾರ ಸಿಕ್ಕಂತೆ. ಆ ಲೆಕ್ಕವಾಗುವ ತನಕ ಯಾವ ರಾಜಿಯ ಮಾತನ್ನೂ ಆಡಬಾರದು.