ಕಂತು ಇಳಿಯಲಿ, ಕಟ್ಟುವುದು ಇಳಿಯದಿರಲಿ

ಗೃಹಸಾಲಕ್ಕೆ ಕಂತಿನ ಜೊತೆಗೆ ಒಂದಿಷ್ಟು ಹೆಚ್ಚುವರಿ ಹಣ ಕಟ್ಟಲು ಹೋದವರಿಗೆ, ಬ್ಯಾಂಕಿನ ಕೌಂಟರಿನಲ್ಲಾಗಲಿ ಮೊಬೈಲ್ ಆ್ಯಪಿನಲ್ಲಾಗಲಿ, ಎದುರಾಗುವ ಪ್ರಶ್ನೆ ಒಂದೇ: ಅವಧಿ ಇಳಿಸಬೇಕೋ, ಕಂತು ಇಳಿಸಬೇಕೋ? ಬಲ್ಲವರೆಲ್ಲ ಹಿಂದೆಮುಂದೆ ನೋಡದೆ ಅವಧಿ ಇಳಿಸಿ ಅನ್ನುತ್ತಾರೆ. ಬಡ್ಡಿ ಉಳಿಯುವುದು ಅದರಲ್ಲೇ ಎಂಬುದು ಅವರ ಲೆಕ್ಕ. ಸಾಲ ಬೇಗ ತೀರಬೇಕು ಅನ್ನುವುದರಲ್ಲಿ ನನಗೂ ತಕರಾರಿಲ್ಲ. ಆದರೆ ತಿಂಗಳ ಸಂಬಳದಲ್ಲಿ ಮನೆ ನಡೆಸುವವರು ಕಂತನ್ನೇ ಇಳಿಸಿಕೊಳ್ಳಬೇಕು, ಇಳಿಸಿಕೊಂಡ ಮೇಲೂ ಹಳೆಯ ಕಂತಿನಷ್ಟೇ ಹಣ ಕಟ್ಟುತ್ತ ಹೋಗಬೇಕು ಎಂಬುದು ನನ್ನ ವಾದ. ಹೀಗೆ ಮಾಡಿದರೆ ಬಡ್ಡಿ ಹೆಚ್ಚುವುದಿಲ್ಲ, ಸಾಲ ತೀರುವ ದಿನ ಮುಂದಕ್ಕೆ ಹೋಗುವುದಿಲ್ಲ. ಕೈ ಕಟ್ಟಿದ ತಿಂಗಳಲ್ಲಿ ಮನೆಗೆ ಒಂದು ಕಿಂಡಿ ತೆರೆದಿರುತ್ತದೆ, ಅಷ್ಟೆ.

ಅಂಕಿಗಳನ್ನೇ ನೋಡೋಣ. 50 ಲಕ್ಷ ರೂಪಾಯಿ ಸಾಲ, 20 ವರ್ಷ, ಶೇ 8.5 ಬಡ್ಡಿ ಎಂದಿಟ್ಟುಕೊಂಡರೆ ತಿಂಗಳ ಕಂತು 43,391 ರೂಪಾಯಿ. ಮೊದಲ ಕಂತಿನಲ್ಲಿ 35,417 ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು 7,974. ಐದು ವರ್ಷ ತಪ್ಪದೆ ಕಟ್ಟಿ, ಒಟ್ಟು 26 ಲಕ್ಷ ತೆತ್ತ ಮೇಲೆ ಸ್ಟೇಟ್‌ಮೆಂಟ್ ತೆಗೆಸಿದರೆ ಬಾಕಿ ಇನ್ನೂ 44.06 ಲಕ್ಷ. ಹೊಟ್ಟೆ ಉರಿಯುವುದು, ‘ಏನಾದರಾಗಲಿ, ಇದನ್ನು ಮೊದಲು ತೊಲಗಿಸಬೇಕು’ ಎಂಬ ಹಟ ಹುಟ್ಟುವುದು ಇಲ್ಲಿಯೇ. ಆ ಹಟದಲ್ಲಿ 5 ಲಕ್ಷ ಕಟ್ಟಿದರು ಅನ್ನಿ. ಬಾಕಿ 39.06 ಲಕ್ಷಕ್ಕೆ ಇಳಿಯಿತು. ಕಂತನ್ನು ಹಾಗೇ ಬಿಟ್ಟು ಅವಧಿ ಇಳಿಸಿದರೆ, ಉಳಿದಿದ್ದ 15 ವರ್ಷ 12 ವರ್ಷವಾಗುತ್ತದೆ. ಅಲ್ಲಿಂದಾಚೆ ಕಟ್ಟುವ ಮೊತ್ತ ಸುಮಾರು 62.4 ಲಕ್ಷ. ಅವಧಿ ಹಾಗೇ ಬಿಟ್ಟು ಕಂತು ಇಳಿಸಿದರೆ ಅದು 38,467ಕ್ಕೆ ಬರುತ್ತದೆ. 15 ವರ್ಷದಲ್ಲಿ ಕಟ್ಟುವ ಮೊತ್ತ 69.2 ಲಕ್ಷ. ವ್ಯತ್ಯಾಸ 6.8 ಲಕ್ಷ. ಅವಧಿಯ ಪರ ವಾದಿಸುವವರು ಈ ಕೋಷ್ಟಕ ತೋರಿಸಿ ಮಾತು ಮುಗಿಸುತ್ತಾರೆ.

ಕೋಷ್ಟಕ ಸುಳ್ಳಲ್ಲ. ಆದರೆ ಕಂತು ಇಳಿಸಿಕೊಂಡವರು ಉಳಿದ 4,924 ರೂಪಾಯಿಯನ್ನು ಪ್ರತಿ ತಿಂಗಳೂ ಖರ್ಚು ಮಾಡಿ ಕೈತೊಳೆದುಕೊಳ್ಳುತ್ತಾರೆ ಎಂದು ಅದು ತಾನಾಗಿಯೇ ಊಹಿಸಿಕೊಂಡಿದೆ. ಆ 4,924ನ್ನು ತಿಂಗಳು ತಿಂಗಳು ಅದೇ ಸಾಲದ ಖಾತೆಗೆ ಹೆಚ್ಚುವರಿಯಾಗಿ ಹಾಕಿದರೆ ಇವರ ಸಾಲವೂ ಅದೇ 144ನೇ ತಿಂಗಳಿಗೆ ತೀರುತ್ತದೆ. ಬಡ್ಡಿ ಲೆಕ್ಕಕ್ಕೆ ಬರುವುದು ಬಾಕಿ ಎಷ್ಟು, ದರ ಎಷ್ಟು, ಎಷ್ಟು ದಿನ ಎಂಬ ಮೂರೇ ಸಂಗತಿ. ಬಂದ ಹಣ ಕಡ್ಡಾಯದ ಕಂತೋ, ನೀವಾಗಿ ಕಟ್ಟಿದ್ದೋ ಎಂದು ಅದು ವಿಚಾರಿಸುವುದಿಲ್ಲ. ಸಾಲ ತೆಗೆದುಕೊಳ್ಳುವಾಗಲೂ ಇದೇ ಮಾತು. 15 ವರ್ಷಕ್ಕೆ ಸಾಲ ಮಾಡಿದರೆ ಕಂತು 49,237. 20 ವರ್ಷಕ್ಕೆ ಮಾಡಿ 49,237 ಕಟ್ಟುತ್ತ ಹೋದರೂ 15 ವರ್ಷಕ್ಕೇ ತೀರುತ್ತದೆ. ದರ ಒಂದೇ ಆಗಿದ್ದಾಗ ಎರಡರ ವೆಚ್ಚವೂ ಒಂದೇ. ಹಾಗಿದ್ದ ಮೇಲೆ ದೊಡ್ಡ ಕಂತಿಗೆ ಕಾಗದದ ಮೇಲೆ ಸಹಿ ಹಾಕಿ ಕೈ ಕಟ್ಟಿಸಿಕೊಳ್ಳುವುದು ಯಾತಕ್ಕೆ?

ಇದರ ಮಹತ್ವ ಗೊತ್ತಾಗುವುದು ಸಂಬಳ ನಿಂತ ತಿಂಗಳು. ಮಾರ್ಚಿನಲ್ಲಿ 5 ಲಕ್ಷ ಕಟ್ಟಿ ಅವಧಿ ಇಳಿಸಿಕೊಂಡ ಮನೆಯಲ್ಲಿ ಜುಲೈಗೆ ಕೆಲಸ ಹೋಯಿತು ಎಂದುಕೊಳ್ಳಿ. ಆಗಸ್ಟ್ 5ಕ್ಕೆ ಬ್ಯಾಂಕ್ ಕೇಳುವುದು ಅದೇ 43,391. ‘ಮೊನ್ನೆ ತಾನೇ 5 ಲಕ್ಷ ಕಟ್ಟಿದ್ದೇವಲ್ಲ’ ಎಂಬ ಮಾತಿಗೆ ಅಲ್ಲಿ ಕಿವಿಯಿಲ್ಲ. ಮುಂಗಡವಾಗಿ ಕಟ್ಟಿದ್ದು ಅಸಲಿಗೆ ಜಮೆಯಾಯಿತೇ ಹೊರತು ಮುಂದಿನ ಕಂತುಗಳಿಗಲ್ಲ. ಖಾತೆಯಲ್ಲಿ ಹಣವಿಲ್ಲದೆ ಆಟೋ ಡೆಬಿಟ್ ಬೌನ್ಸ್ ಆದರೆ ಶುಲ್ಕ, ಸಿಬಿಲ್ ಅಂಕಕ್ಕೆ ಪೆಟ್ಟು. 90 ದಿನ ಮೀರಿದರೆ ಸಾಲ ಅನುತ್ಪಾದಕ ಆಸ್ತಿಯ ಪಟ್ಟಿಗೆ ಸೇರುತ್ತದೆ, ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್ ಬರಬಹುದು. ಕಂತು ಇಳಿಸಿಕೊಂಡವರಿಗೆ ಅದೇ ಆಗಸ್ಟಿನಲ್ಲಿ ಹೊಂದಿಸಬೇಕಾದ್ದು 38,467. ಐದು ಸಾವಿರ ಏನು ಮಹಾ ಅನ್ನಿಸಬಹುದು. ಎರಡು ಮೂರು ಬಾರಿ ಹೀಗೆ ಇಳಿಸಿಕೊಂಡ ಮನೆಯಲ್ಲಿ ಆ ಅಂತರ ಹತ್ತು ಹದಿನೈದು ಸಾವಿರವಾಗಿರುತ್ತದೆ. ಕೆಲಸವಿಲ್ಲದ ತಿಂಗಳಲ್ಲಿ ಅದು ಮನೆಯ ದಿನಸಿ, ಹಾಲು, ಗ್ಯಾಸು, ಕರೆಂಟು.

ಕೆಲಸ ಹೋಗುವುದೇ ಬೇಕಿಲ್ಲ. ಸಂಬಳ ಹನ್ನೆರಡು ತಿಂಗಳೂ ಒಂದೇ ಸಮನಾಗಿ ಬರುತ್ತದೆ, ಖರ್ಚು ಹಾಗೆ ಬರುವುದಿಲ್ಲ. ಏಪ್ರಿಲ್ ಒಳಗೆ ಕಟ್ಟಿದರೆ ಶೇ 5 ರಿಯಾಯಿತಿ ಇದೆಯೆಂದು ಆಸ್ತಿ ತೆರಿಗೆ ಆ ತಿಂಗಳೇ ಕಟ್ಟಬೇಕು. ಅದರ ಹಿಂದೆಯೇ ಶಾಲೆಯ ಫೀಸು, ಪುಸ್ತಕ, ಯೂನಿಫಾರ್ಮು, ಶಾಲಾ ಬಸ್ಸಿನ ಮೊದಲ ಕಂತು. ನಡುವೆ ಆರೋಗ್ಯ ವಿಮೆ, ಗಾಡಿಯ ವಿಮೆ. ಗೌರಿ ಗಣೇಶಕ್ಕೆ, ದೀಪಾವಳಿಗೆ ಬಟ್ಟೆಬರೆ, ಊರಿನ ಪ್ರಯಾಣ. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದ ಬೆಂಗಳೂರಿನ ಬಡಾವಣೆಗಳಲ್ಲಿ ಟ್ಯಾಂಕರ್ ನೀರಿನ ಬಿಲ್ಲು ಯಾರ ಬಜೆಟ್ಟಿನಲ್ಲೂ ಇರಲಿಲ್ಲ. ಬೋನಸ್ಸಿನ ಹಣವನ್ನು ಪೂರ್ತಿ ಸಾಲಕ್ಕೆ ಸುರಿದು ಬೀಗಿದವರು ಇಂಥ ತಿಂಗಳಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜುತ್ತಾರೆ. ಇದನ್ನೂ ಲೆಕ್ಕ ಹಾಕಿ ನೋಡಿ: 50 ಸಾವಿರವನ್ನು ಗೃಹಸಾಲಕ್ಕೆ ಕಟ್ಟಿದರೆ ವರ್ಷಕ್ಕೆ ಉಳಿಯುವ ಬಡ್ಡಿ 4,250 ರೂಪಾಯಿ. ಅದೇ 50 ಸಾವಿರ ಕೈಯಲ್ಲಿಲ್ಲದೆ ಕಾರ್ಡಿನಲ್ಲಿ ಬಾಕಿ ನಿಂತರೆ, ತಿಂಗಳಿಗೆ ಶೇ 3.5ರಂತೆ ವರ್ಷಕ್ಕೆ ಸುಮಾರು 21 ಸಾವಿರ. ಒಂದು ಕೈಯಲ್ಲಿ ನಾಲ್ಕು ಸಾವಿರ ಉಳಿಸಿ ಇನ್ನೊಂದು ಕೈಯಲ್ಲಿ ಇಪ್ಪತ್ತೊಂದು ಕಳೆದಂತಾಯಿತು. (ಗೃಹಸಾಲ ಇಳಿಸಲೆಂದು ಚೀಟಿಯನ್ನು ಭಾರೀ ತಳ್ಳಿಗೆ ಕೂಗಿ ಎತ್ತುವವರೂ ಇದ್ದಾರೆ. ತಳ್ಳಿದ ಮೊತ್ತವೂ ಒಂದು ಬಡ್ಡಿಯೇ ಎಂಬುದು ಅವರಿಗೆ ಯಾಕೋ ಹೊಳೆಯುವುದಿಲ್ಲ.) ಹೀಗಾಗಿ ಕನಿಷ್ಠ ಆರು ತಿಂಗಳ ಕಂತು ಮತ್ತು ಮನೆಖರ್ಚಿನಷ್ಟು ಹಣ ಎಫ್‌ಡಿಯಲ್ಲೋ ಉಳಿತಾಯ ಖಾತೆಯಲ್ಲೋ ಕೂರುವ ತನಕ ಹೆಚ್ಚುವರಿ ಪಾವತಿಯ ಮಾತೇ ಬೇಡ. ಬ್ಯಾಂಕಿಗೆ ಹೋದ ಹಣ ವಾಪಸ್ ಬೇಕೆಂದರೆ ಟಾಪ್ ಅಪ್ ಸಾಲಕ್ಕೆ ಅರ್ಜಿ ಹಾಕಬೇಕು, ಮತ್ತು ಅದು ಸುಲಭವಾಗಿ ಸಿಗುವುದು ಸಂಬಳ ಬರುತ್ತಿರುವವರಿಗೆ.

ನನ್ನ ವಾದಕ್ಕೆ ಬಲವಾದ ಆಕ್ಷೇಪ ಗಣಿತದ್ದಲ್ಲ, ಮನುಷ್ಯ ಸ್ವಭಾವದ್ದು. ಕಂತು ಇಳಿದರೆ ಉಳಿದ ಹಣ ಸಾಲದ ಖಾತೆಗೆ ಹೋಗುವುದು ಎರಡು ತಿಂಗಳು. ಮೂರನೇ ತಿಂಗಳಿಂದ ಅದು ಹೋಟೆಲ್ಲಿಗೋ ಹೊಸ ಫೋನಿನ ಕಂತಿಗೋ ಹೋಗುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ತನ್ನ ಕೈ ನಿಲ್ಲುವುದಿಲ್ಲ ಎಂದು ಗೊತ್ತಿರುವವರಿಗೆ ಅವಧಿ ಇಳಿಸುವುದೇ ಸರಿ, ಅದರಲ್ಲಿ ಸಂಕೋಚವೇನಿಲ್ಲ. ಉಳಿದವರು ಸಂಬಳ ಬಂದ ಮರುದಿನವೇ ಆ ಮೊತ್ತ ತಾನಾಗಿ ಸಾಲದ ಖಾತೆಗೆ ಹೋಗುವಂತೆ ಸ್ಥಾಯಿ ಸೂಚನೆ ಕೊಟ್ಟರೆ ಪ್ರತಿ ತಿಂಗಳೂ ಮನಸ್ಸಿನ ಜೊತೆ ಜಗಳವಾಡಬೇಕಿಲ್ಲ. ಹೆಚ್ಚುವರಿ ಪಾವತಿಗೆ ಕನಿಷ್ಠ ಮೊತ್ತ ನಿಗದಿ ಮಾಡಿರುವ ಬ್ಯಾಂಕಾದರೆ ಬೇರೆ ಖಾತೆಯಲ್ಲಿ ಕೂಡಿಟ್ಟು ಮೂರು ತಿಂಗಳಿಗೊಮ್ಮೆ ಕಟ್ಟಬಹುದು. ಬಡ್ಡಿಯಲ್ಲಿ ಆಗುವ ನಷ್ಟ ಚಿಲ್ಲರೆ. ನೀವು ಏನೂ ಹೇಳದಿದ್ದರೆ ಬ್ಯಾಂಕ್ ತನಗೆ ರೂಢಿಯಾದ ಆಯ್ಕೆಯನ್ನೇ ಹಾಕಿಬಿಡಬಹುದಾದ್ದರಿಂದ ಕಂತು ಇಳಿಸಿ ಎಂಬುದನ್ನು ಬರಹದಲ್ಲಿ ಕೊಟ್ಟು, ಹೊಸ ಕಂತಿನ ಪಟ್ಟಿ ಕೈಗೆ ಬಂದಿದೆಯೇ ನೋಡಿಕೊಳ್ಳಬೇಕು. ದಂಡಶುಲ್ಕದ ಭಯ ಬೇಡ. ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಬ್ಯಾಂಕುಗಳು ಅವಧಿಪೂರ್ವ ಪಾವತಿಯ ಶುಲ್ಕ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ.

ಇನ್ನೊಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ: ಬಡ್ಡಿಯೆಲ್ಲ ಮೊದಲ ವರ್ಷಗಳಲ್ಲೇ ಕಟ್ಟಿ ಆಗಿರುತ್ತದೆ, ಹತ್ತು ಹನ್ನೆರಡು ವರ್ಷದ ಮೇಲೆ ಮುಂಗಡ ಕಟ್ಟಿ ಫಲವಿಲ್ಲ ಅಂತ. ಇದು ಅರ್ಧ ಸತ್ಯ. ಮೊದಲ ವರ್ಷದ ಕೊನೆಗೆ ಕಟ್ಟಿದ 1 ಲಕ್ಷ, ಅವಧಿ ಮುಗಿಯುವ ಹೊತ್ತಿಗೆ ಸುಮಾರು 3.8 ಲಕ್ಷ ಬಡ್ಡಿ ಉಳಿಸುತ್ತದೆ. 15ನೇ ವರ್ಷದ ಕೊನೆಗೆ ಕಟ್ಟಿದ 1 ಲಕ್ಷ ಉಳಿಸುವುದು 51 ಸಾವಿರ. ಆದರೆ ಮೊದಲನೆಯದು 19 ವರ್ಷ ದುಡಿದಿದೆ, ಎರಡನೆಯದು 5 ವರ್ಷ. ವರ್ಷಕ್ಕೆ ಸಿಕ್ಕ ಪ್ರತಿಫಲ ಎರಡರಲ್ಲೂ ಅದೇ ಶೇ 8.5. ಈ ಸತ್ಯ ತಿಳಿದರೆ, ಮಗು ಚಿಕ್ಕದಿರುವಾಗ, ಒಬ್ಬರೇ ದುಡಿಯುತ್ತಿರುವಾಗ, ಹೊಟ್ಟೆಬಟ್ಟೆ ಕಟ್ಟಿ ಮುಂಗಡ ಪಾವತಿ ಮಾಡಲೇಬೇಕು ಎಂಬ ಧಾವಂತ ಇಳಿಯುತ್ತದೆ. ತಡವಾಗಿ ಕಟ್ಟಿದ ರೂಪಾಯಿಯೂ ತನ್ನ ಪಾಲಿನ ಕೆಲಸ ಮಾಡುತ್ತದೆ.

ಸಾಲಕ್ಕೆ ಕಟ್ಟುವ ಬದಲು ಆ ಹಣ ಬೆಳೆಸಬಾರದೇ ಎನ್ನುವವರಿಗೆ ಉತ್ತರ, ಎಲ್ಲಿ ಬೆಳೆಸುತ್ತೀರಿ ಎಂಬುದರ ಮೇಲಿದೆ. ಎಫ್‌ಡಿಯ ಬಡ್ಡಿಗೆ ಆದಾಯ ತೆರಿಗೆಯಿದೆ. ಶೇ 30ರ ಹಂತದಲ್ಲಿರುವವರಿಗೆ, ಸೆಸ್ ಸೇರಿಸಿ, ಎಫ್‌ಡಿ ಶೇ 12.35 ಕೊಟ್ಟರೆ ಮಾತ್ರ ಶೇ 8.5ರ ಸಾಲ ತೀರಿಸಿದ್ದಕ್ಕೆ ಸಮ. ನಂಬಬಹುದಾದ ಯಾವ ಬ್ಯಾಂಕೂ ಅಷ್ಟು ಕೊಡುವುದಿಲ್ಲ. ಷೇರು ಮಾರುಕಟ್ಟೆಯ ಎಸ್‌ಐಪಿ ದೀರ್ಘಾವಧಿಯಲ್ಲಿ ಅದಕ್ಕಿಂತ ಹೆಚ್ಚು ಕೊಡಬಹುದು. ಆದರೆ 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರಿನಲ್ಲಿ 8 ಸಾವಿರಕ್ಕಿಂತ ಕೆಳಗಿಳಿದಿತ್ತು. ಸಾಲದ ಬಡ್ಡಿ ಉಳಿಸಿದ್ದು ಹಾಗೆ ಕುಸಿಯುವುದಿಲ್ಲ. ನಿವೃತ್ತಿಗೆಂದು ಹಾಕುತ್ತಿರುವ ಎಸ್‌ಐಪಿ ಮುಂದುವರಿಯಲಿ, ಪಿಎಫ್ ಹಣಕ್ಕಂತೂ ಕೈ ಹಾಕುವುದು ಬೇಡ. ತೆರಿಗೆ ವಿನಾಯಿತಿ ತಪ್ಪುತ್ತದೆ ಎಂಬ ಹೆದರಿಕೆಯೂ ಹೆಚ್ಚಿನವರಿಗೆ ಅನ್ವಯಿಸುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ತಾವೇ ವಾಸಿಸುವ ಮನೆಯ ಬಡ್ಡಿಗೆ ವಿನಾಯಿತಿಯೇ ಇಲ್ಲ. ಹಳೆಯ ಪದ್ಧತಿಯಲ್ಲಿ ಇರುವವರಿಗೂ ವರ್ಷಕ್ಕೆ 2 ಲಕ್ಷದ ಮಿತಿ. 44 ಲಕ್ಷ ಬಾಕಿಗೆ ಬಡ್ಡಿಯೇ 3.7 ಲಕ್ಷ ಆಗುವಾಗ, ಮುಂಗಡ ಕಟ್ಟಿ ಉಳಿಸುವುದು ವಿನಾಯಿತಿ ಸಿಗದ ಭಾಗದಿಂದಲೇ. ಬಾಕಿ 23-24 ಲಕ್ಷಕ್ಕೆ ಇಳಿದ ಮೇಲೆ ಮಾತ್ರ, ಅಥವಾ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಮನೆ, ಸಾಲ ಇದ್ದರೆ, ಲೆಕ್ಕ ಇನ್ನೊಮ್ಮೆ ಹಾಕಬೇಕಾಗುತ್ತದೆ.

ಕಡ್ಡಾಯದ ಕಂತು ಚಿಕ್ಕದಿರುವುದರ ಇನ್ನೊಂದು ಪ್ರಯೋಜನ ಬಡ್ಡಿದರ ಏರಿದಾಗ ಕಾಣುತ್ತದೆ. 2022ರ ಮೇಯಿಂದ 2023ರ ಫೆಬ್ರುವರಿಯೊಳಗೆ ರೆಪೊ ದರ ಶೇ 4ರಿಂದ 6.5ಕ್ಕೆ ಹೋಯಿತು. ಬಹಳ ಬ್ಯಾಂಕುಗಳು ಕಂತು ಮುಟ್ಟದೆ ಸದ್ದಿಲ್ಲದೆ ಅವಧಿ ಹಿಗ್ಗಿಸಿದವು. ಶೇ 7ಕ್ಕೆ 20 ವರ್ಷದ 50 ಲಕ್ಷ ಸಾಲದ ಕಂತು 38,765. ಆರಂಭದಲ್ಲೇ ದರ ಶೇ 9ಕ್ಕೇರಿ ಅದೇ ಕಂತು ಮುಂದುವರಿದರೆ ಸಾಲ ತೀರಲು 38 ವರ್ಷ ಬೇಕು, ಅಂದರೆ ಮಗನ ಸಂಬಳದಲ್ಲಿ! ಹೀಗಾಗಬಾರದೆಂದೇ, ದರ ಪರಿಷ್ಕರಿಸುವಾಗ ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂದು ಸಾಲಗಾರರನ್ನು ಕೇಳಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಆದೇಶಿಸಿತು. ಆಗ ‘ಕಂತು ಹೆಚ್ಚಿಸಿ’ ಅನ್ನಲು ಧೈರ್ಯವಿರುವುದು ಮೊದಲೇ ಕಂತಿಗಿಂತ ಹೆಚ್ಚು ಕಟ್ಟಿ ಅಭ್ಯಾಸವಿರುವ ಮನೆಗೆ. 2025ರಲ್ಲಿ ರೆಪೊ ದರ ಹಂತ ಹಂತವಾಗಿ ಶೇ 5.25ಕ್ಕೆ ಇಳಿದಿದೆ. ಹಳೆಯ ಮಾನದಂಡಕ್ಕೆ ಅಂಟಿಕೊಂಡಿರುವ ಸಾಲಗಳಿಗೆ ಈ ಇಳಿಕೆ ಪೂರ್ತಿ ತಲುಪಿರುವುದಿಲ್ಲ. ಹೆಚ್ಚುವರಿ ಹಣ ಕಟ್ಟುವ ಮೊದಲು ನಿಮ್ಮ ದರ ಎಷ್ಟಿದೆ, ಅದೇ ಬ್ಯಾಂಕು ಹೊಸ ಗ್ರಾಹಕರಿಗೆ ಎಷ್ಟಕ್ಕೆ ಕೊಡುತ್ತಿದೆ ಎಂದು ನೋಡಿ. ಒಂದು ಸಣ್ಣ ಶುಲ್ಕ, ಒಂದು ಅರ್ಜಿಯಲ್ಲಿ ಅರ್ಧ ಶೇಕಡಾ ಇಳಿದರೆ, 44 ಲಕ್ಷ ಬಾಕಿಗೆ ವರ್ಷಕ್ಕೆ 22 ಸಾವಿರ ಉಳಿತಾಯ. ಜೇಬಿನಿಂದ ಎರಡೂವರೆ ಲಕ್ಷ ತೆಗೆದು ಮುಂಗಡ ಕಟ್ಟಿದರೂ ವರ್ಷಕ್ಕೆ ಉಳಿಯುವುದು ಅಷ್ಟೇ.

ಬಾಕಿ ಮೂರು ನಾಲ್ಕು ಲಕ್ಷಕ್ಕೆ ಬಂದಾಗ ಹೊಸದೊಂದು ಅವಸರ ಹತ್ತುತ್ತದೆ. ಆರು ತಿಂಗಳಿಗೆಂದು ಇಟ್ಟ ಎಫ್‌ಡಿಯನ್ನೂ ಮುರಿದು, ಒಮ್ಮೆ ತೀರಿಸಿ ಪತ್ರಗಳನ್ನು ಮನೆಗೆ ತಂದುಬಿಡೋಣ ಎಂಬ ಆಸೆ. ಸಾಲವೇ ಶೂಲ ಎಂದು ಕೇಳಿ ಬೆಳೆದವರಿಗೆ ಅದು ಸಹಜ, ಆ ನೆಮ್ಮದಿಗೆ ಬೆಲೆ ಕಟ್ಟಲು ನಾನು ಹೋಗುವುದಿಲ್ಲ. ಎಫ್‌ಡಿ ಮಾತ್ರ ಮುರಿಯಬೇಡಿ, ಇನ್ನೊಂದು ಬೋನಸ್ಸಿಗೆ ಕಾಯಿರಿ. ಸಾಲ ಪೂರ್ತಿ ತೀರಿದ ದಿನದಿಂದ 30 ದಿನದೊಳಗೆ ಮೂಲ ಪತ್ರಗಳನ್ನು ಬ್ಯಾಂಕ್ ಹಿಂತಿರುಗಿಸಬೇಕು, ಆಸ್ತಿಯ ಮೇಲೆ ನೋಂದಾಯಿಸಿದ ಹೊಣೆಯನ್ನೂ ತೆಗೆಸಬೇಕು; ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರಿನಿಂದ ಈ ನಿಯಮ ಜಾರಿಯಲ್ಲಿದೆ. ಕ್ರಯಪತ್ರ ಕೈಗೆ ಬಂತೆಂದು ಬೀರುವಿನಲ್ಲಿಟ್ಟು ಸುಮ್ಮನಾಗದೆ, ತಿಂಗಳು ಬಿಟ್ಟು ಒಂದು ಇ.ಸಿ. ತೆಗೆಸಿ ನೋಡಿ. ಉಪನೋಂದಣಿ ಕಚೇರಿಯಲ್ಲಿ ಅಡಮಾನ ದಾಖಲಾಗಿದ್ದರೆ ಅದರ ಬಿಡುಗಡೆಯೂ ಅಲ್ಲಿ ಕಾಣಬೇಕು.